ಪದ ಬೇಕು: ತುರ್ತು ವಿಭಾಗದ ‘ಟ್ರಯಾಜ್’

ಅನುವಾದಕಿ:
ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಿಗೆ ಫಲಕ ಬೇಕಾಗಿದೆ. ಇಂಗ್ಲಿಷಿನಲ್ಲಿ ‘ಟ್ರಯಾಜ್’ ಎಂದಷ್ಟೇ ಇದೆ; ಬಂದ ರೋಗಿಗಳಲ್ಲಿ ಯಾರನ್ನು ಮೊದಲು ನೋಡಬೇಕೆಂದು ತೀರ್ಮಾನಿಸುವ ಕೆಲಸ. ‘ವಿಂಗಡಣೆ’ ಎಂದರೆ ಕಸ ನೆನಪಾಗುತ್ತದೆ, ‘ವರ್ಗೀಕರಣ’ ಎಂದರೆ ಕಡತ. ಸಂಜೆಯೊಳಗೆ ಅಚ್ಚಿಗೆ ಹೋಗಬೇಕು.

ಪದಮೂಲಿ:
‘ಟ್ರಯ್’ ಎಂದರೆ ನಮ್ಮ ‘ತ್ರಿ’ಯೇ. ರೋಗಿಗಳಿಗೆ ಕೊಡುವ ಬಣ್ಣಗಳೂ ಕೆಂಪು, ಹಳದಿ, ಹಸಿರು, ಮೂರು ಪಾಲು. ‘ತ್ರಿವಿಭಜನೆ’ ಎನ್ನಿ, ಮುಗಿಯಿತು.

ಅಚ್ಚಗನ್ನಡಿಗ:
ಮುಗಿಯಲಿಲ್ಲ. ಅದು ಫ್ರೆಂಚಿನ ‘ತ್ರಿಯೇ’, ಆಯುವುದು ಎಂದರ್ಥ. ಮೂರಕ್ಕೂ ಅದಕ್ಕೂ ನಂಟಿಲ್ಲ. ಗಾಯಾಳುಗಳಿಗೆ ಅಂಟಿಕೊಳ್ಳುವ ಮೊದಲು ಉಣ್ಣೆ, ಕಾಫಿಬೀಜ ಆಯುವವರ ಮಾತು. ‘ಆಯ್’ ಧಾತು ಮನೆಯಲ್ಲೇ ಇದೆ. ‘ಆಯ್ಕೆ ಕಟ್ಟೆ’ ಎಂದು ಬರೆಯಿರಿ.

ತುರ್ತು ವೈದ್ಯ:
‘ಆಯ್ಕೆ’ ಬೇಡ. ಆಯ್ಕೆಯಾಗದವರನ್ನು ಕೈಬಿಟ್ಟಂತೆ ಕೇಳುತ್ತದೆ. ಹಸಿರಿನವರಿಗೂ ಚಿಕಿತ್ಸೆಯುಂಟು, ಕಾಯಬೇಕಷ್ಟೆ. ‘ತ್ರಿವಿಭಜನೆ’ಯಂತೂ ಲೆಕ್ಕದಲ್ಲೇ ತಪ್ಪು: ಟ್ರಯಾಜ್‌ನ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು ಬಣ್ಣ, ಒಂದೊಂದಕ್ಕೂ ವೈದ್ಯರು ನೋಡುವವರೆಗೆ ಕಾಯಬಹುದಾದ ಹೊತ್ತು ಬೇರೆ. ಕೆಂಪಾದರೆ ತಕ್ಷಣ, ಕಿತ್ತಳೆಗೆ 10 ನಿಮಿಷ, ಹಳದಿಗೆ 60, ಹಸಿರಿಗೆ 120, ನೀಲಿಗೆ 240.

ಟ್ರಯಾಜ್ ಮೇಜಿನಲ್ಲಿ ರೋಗ ಯಾವುದೆಂದು ಹೇಳುವುದಿಲ್ಲ. ಉಸಿರು, ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟ, ಪ್ರಜ್ಞೆ ನೋಡಿ ಯಾರು ಕಾಯಬಹುದು, ಯಾರು ಕಾಯುವಂತಿಲ್ಲ ಎಂದು ತೀರ್ಮಾನಿಸುತ್ತಾರೆ. ಎದೆನೋವೆಂದರೆ 10 ನಿಮಿಷದೊಳಗೆ ಇಸಿಜಿ (ಹೃದಯದ ವಿದ್ಯುತ್ ಪರೀಕ್ಷೆ). ಹಳದಿಯಲ್ಲಿ ಕೂತವರು ಕೂತಲ್ಲೇ ಕೆಂಪಾಗಬಹುದು, ಆದ್ದರಿಂದ ಮತ್ತೆ ಮತ್ತೆ ನೋಡಬೇಕು. ‘ವರ್ಗೀಕರಣ’ ಒಂದೇ ಸಲಕ್ಕೆ ಮುಗಿದ ಕೆಲಸದಂತಿದೆ.

‘ತೀವ್ರತಾ ನಿರ್ಣಯ’ ಎಂದು ಯಾರಾದರೂ ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ: ನಿತ್ಯದ ಕೆಲಸಕ್ಕೆ ಸರಿ, ಒಮ್ಮೆಲೇ ನೂರು ಗಾಯಾಳುಗಳು ಬಂದಾಗ ತಪ್ಪು. ಆಗ ಶ್ವಾಸಮಾರ್ಗ ತೆರೆದರೂ ಉಸಿರಾಡದ ವಯಸ್ಕರಿಗೆ ಕಪ್ಪು ಪಟ್ಟಿ ಕಟ್ಟುತ್ತಾರೆ, ಉಳಿಸಲಾಗದವರು ಎಂಬ ಗುರುತು. ಅತಿ ತೀವ್ರವಾದವರು ಹಿಂದೆ, ಉಳಿಸಬಹುದಾದವರು ಮುಂದೆ. ಕೈಪಿಡಿಗೆ ‘ಆದ್ಯತಾ ನಿರ್ಣಯ’ ಇರಲಿ.

ಫಲಕಕ್ಕೆ ಅದೂ ಬೇಡ, ಗಣ್ಯರಿಗೆ ಬೇರೆ ಸಾಲೆಂದು ತಿಳಿದಾರು. ಪಾರ್ಶ್ವವಾಯು ಬಡಿದವರನ್ನು ಕರೆತಂದವರು ಚೀಟಿ ಮಾಡಿಸುವ ಸಾಲಿನಲ್ಲಿ ನಿಂತು ಹೊತ್ತು ಕಳೆಯುವುದೇ ದೊಡ್ಡ ತೊಂದರೆ. ಹೀಗೆ ಬರೆಯಿರಿ: ‘ಮೊದಲ ತಪಾಸಣೆ. ಚೀಟಿಗೆ ಮುನ್ನ ಇಲ್ಲಿ ಬನ್ನಿ.’ ಬಾಣದ ಗುರುತು ದೊಡ್ಡದಿರಲಿ.

ಅಚ್ಚಗನ್ನಡಿಗ:
‘ತಪಾಸಣೆ’ ಮರಾಠಿಯಿಂದ ಬಂದದ್ದು. ‘ಆದ್ಯತೆ’, ‘ನಿರ್ಣಯ’ ಸಂಸ್ಕೃತ. ಕನ್ನಡ ಎಲ್ಲಿದೆ?

ತುರ್ತು ವೈದ್ಯ:
‘ಮೊದಲ’, ‘ಮುನ್ನ’, ‘ಇಲ್ಲಿ’, ‘ಬನ್ನಿ’.

ಪದಮೂಲಿ:
ಬಸ್ಸು, ಕಾಫಿ ಬಂದಿಲ್ಲವೇ? ‘ಟ್ರಯಾಜ್’ ಕೂಡ ಬರಲಿ. ದಾದಿಯರು ಹಾಗೆಯೇ ತಾನೇ ಅನ್ನುವುದು?

ಅಚ್ಚಗನ್ನಡಿಗ:
ಬಸ್ಸು ಹತ್ತಿದವರಿಗೆ ಬಸ್ಸು ಗೊತ್ತು. ಫಲಕ ಇರುವುದು ದಾದಿಯರಿಗಲ್ಲ. ತ್ರಿವಿಭಜನೆಯವರು ಈಗ ಎರವಲಿನ ಪರವೇ?

ಅನುವಾದಕಿ:
‘ತಪಾಸಣೆ’ಯನ್ನೇ ಕಳಿಸಿದ್ದೇನೆ. ಎರವಲಿನ ಜಗಳಕ್ಕೆ ದಯವಿಟ್ಟು ಬೇರೆ ಎಳೆ ತೆರೆಯಿರಿ.