ರಿಸರ್ಚ್ ಎಲ್ಲಿಂದ ಶುರು ಮಾಡಬೇಕು? ಮಾಡಿದವರು ಸ್ವಲ್ಪ ಹೇಳಿ

ಪ್ರಶ್ನೆ: ಕೊನೆಯ ವರ್ಷದ ಪ್ರಾಜೆಕ್ಟ್‌ಗೆ "ಮೊಬೈಲ್ ಮತ್ತು ನಿದ್ದೆ" ಅಂತ ವಿಷಯ ಆರಿಸಿಕೊಂಡಿದ್ದೇನೆ. ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದರೆ ಲೇಖನಗಳ ರಾಶಿಯೇ ಬರುತ್ತದೆ. ಡೌನ್‌ಲೋಡ್ ಮಾಡಿ ಇಟ್ಟಿದ್ದೇ ಬಂತು. ಇದನ್ನೆಲ್ಲ ಓದೋದು ಯಾವಾಗ, ಬರೆಯೋದು ಯಾವಾಗ?

ಪಿಎಚ್.ಡಿ. ಮುಗಿಸಿ ಪಾಠ ಮಾಡುತ್ತಿರುವವರು:
ನಿಮ್ಮ ಕೈಯಲ್ಲಿರುವುದು ವಿಷಯ, ಪ್ರಶ್ನೆ ಇನ್ನೂ ಹುಟ್ಟಿಲ್ಲ. ರಾಶಿ ಬರುವುದು ಅದಕ್ಕೇ. ಯಾರ ನಿದ್ದೆ? ಮೊಬೈಲ್‌ನಲ್ಲಿ ಏನು ಮಾಡುವಾಗ? ನಿದ್ದೆಯಲ್ಲಿ ಯಾವುದನ್ನು ಅಳೆಯುತ್ತೀರಿ, ಎಷ್ಟು ಹೊತ್ತು ಮಲಗಿದರು ಅನ್ನೋದನ್ನಾ, ನಿದ್ದೆ ಹತ್ತಲು ಎಷ್ಟು ಹೊತ್ತು ಬೇಕಾಯಿತು ಅನ್ನೋದನ್ನಾ? ಹೀಗೆ ಕೇಳಿಕೊಳ್ಳುತ್ತಾ ಹೋದರೆ ಇಂಥದ್ದೊಂದು ವಾಕ್ಯ ಸಿಗುತ್ತದೆ: "ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಹಾಸಿಗೆಯಲ್ಲಿ ಮೊಬೈಲ್ ನೋಡಿದ ರಾತ್ರಿ, ನೋಡದ ರಾತ್ರಿಗಿಂತ ನಿದ್ದೆ ತಡವಾಗಿ ಹತ್ತುತ್ತದೆಯಾ?" ಈಗ ಚಿಕ್ಕ ಮಕ್ಕಳ ಮೇಲಿನ ಲೇಖನ, ಕಣ್ಣುನೋವಿನ ಲೇಖನ ಎಲ್ಲ ಪಕ್ಕಕ್ಕೆ ಹೋಗುತ್ತವೆ. ಒಬ್ಬರದೇ ಎರಡೂ ಬಗೆಯ ರಾತ್ರಿಗಳನ್ನು ಹೋಲಿಸಬೇಕು ಅನ್ನೋದೂ ಈ ವಾಕ್ಯದಿಂದಲೇ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಮೊಬೈಲ್ ನೋಡಿದ್ದಕ್ಕೆ ನಿದ್ದೆ ಬರಲಿಲ್ಲವೋ, ನಿದ್ದೆ ಬರಲಿಲ್ಲ ಅಂತ ಮೊಬೈಲ್ ಎತ್ತಿಕೊಂಡರೋ? ಸುಮ್ನೆ ಒಂದು ಸರ್ವೆ ಮಾಡಿದರೆ ಇದು ತಿಳಿಯುವುದಿಲ್ಲ. ಬೇರೆಯವರ ಲೇಖನ ಓದುವಾಗಲೂ ಇದನ್ನೇ ಕೇಳಿ. ಪ್ರಶ್ನೆ ನಡುವೆ ಬದಲಾದರೆ ಗಾಬರಿಯಾಗಬೇಡಿ. ಓದಿದಂತೆ ಬದಲಾಗಲೇಬೇಕು.

ಓದುವ ಕ್ರಮ ಹೇಳುತ್ತೇನೆ. ಇತ್ತೀಚಿನ ಒಂದು ರಿವ್ಯೂ ಲೇಖನ ಹಿಡಿಯಿರಿ. ಆ ಕ್ಷೇತ್ರದಲ್ಲಿ ಯಾರು ಏನು ಮಾಡಿದ್ದಾರೆ ಅನ್ನೋದು ಒಂದೇ ಕಡೆ ಸಿಗುತ್ತದೆ. ಉಳಿದವುಗಳಲ್ಲಿ ಮೊದಲು ಸಾರಾಂಶ, ಆಮೇಲೆ ಕೋಷ್ಟಕ ಮತ್ತು ಚಿತ್ರಗಳು, ಆಮೇಲೆ ಕೊನೆಯ ಭಾಗ. ಇಷ್ಟರಲ್ಲೇ ಹೆಚ್ಚಿನವು ನಿಮಗೆ ಬೇಡ ಅಂತ ಗೊತ್ತಾಗುತ್ತದೆ. ಬೇಕಾದವುಗಳ ವಿಧಾನದ ಭಾಗವನ್ನು ಮಾತ್ರ ಸಾಲು ಸಾಲಾಗಿ ಓದಿ. ಎಷ್ಟು ಜನ, ಹೇಗೆ ಆರಿಸಿದರು, ಹೇಗೆ ಅಳೆದರು? ಲೇಖನದ ಬಲ ತಿಳಿಯೋದು ಅಲ್ಲಿ.

ಲೈಬ್ರರಿಯಲ್ಲಿ ಕೆಲಸ ಮಾಡುವವರು:
ಮೇಲಿನವರು ಹೇಳಿದ್ದಕ್ಕೆ ಹುಡುಕಾಟದ ಬಗ್ಗೆ ಸೇರಿಸುತ್ತೇನೆ. ಒಟ್ಟಿಗೆ ಬರಬೇಕಾದ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ನಿದ್ದೆ ಹತ್ತಲು ಹಿಡಿಯುವ ಸಮಯಕ್ಕೆ ಆ ಕ್ಷೇತ್ರದವರು "ಸ್ಲೀಪ್ ಆನ್‌ಸೆಟ್ ಲೇಟೆನ್ಸಿ" ಅನ್ನುತ್ತಾರೆ. ಅವರು ಬಳಸುವ ಪದವನ್ನೇ ಹಾಕಿ ನೋಡಿ, ಫಲಿತಾಂಶವೇ ಬೇರೆ ಆಗುತ್ತದೆ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಕೆಳಗಿನ "ಸೈಟೆಡ್ ಬೈ" ಒತ್ತಿ. ಅದನ್ನು ಉಲ್ಲೇಖಿಸಿದ ಹೊಸ ಲೇಖನಗಳು ಬರುತ್ತವೆ. ದುಡ್ಡು ಕೇಳುವ ಲೇಖನ ಆದರೆ "ಆಲ್ ವರ್ಷನ್ಸ್"ನಲ್ಲಿ ಉಚಿತ ಪ್ರತಿ ಇದೆಯಾ ನೋಡಿ. ಇಲ್ಲದಿದ್ದರೆ ಲೇಖಕರಿಗೇ ಇಮೇಲ್ ಮಾಡಿ, ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ. ಲೇಖನ, ಉಲ್ಲೇಖಗಳನ್ನು ಜೋಡಿಸಿಡುವ ಜೋಟೆರೋ ಸಾಫ್ಟ್‌ವೇರ್ ಮೊದಲ ದಿನದಿಂದಲೇ ಬಳಸಿ, ಅದು ಉಚಿತ.

ಲೇಖನವನ್ನು ತಪ್ಪು ಕಂಡು ಪತ್ರಿಕೆ ವಾಪಸ್ ಪಡೆದಿದೆಯಾ ಅಂತಲೂ ನೋಡಿ. ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ಬರದಂತೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಲೇಖನ 1998ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿದ್ದದ್ದು ಬರೀ 12 ಮಕ್ಕಳು. ಪತ್ರಿಕೆ ಅದನ್ನು ಪೂರ್ತಿ ಹಿಂಪಡೆದದ್ದು 2010ರಲ್ಲಿ. ಅಷ್ಟರೊಳಗೆ ಆದ ಹಾನಿ ಸಣ್ಣದಲ್ಲ. ದೊಡ್ಡ ಪತ್ರಿಕೆಯಲ್ಲಿ ಬಂದಿದೆ ಅನ್ನೋದೊಂದೇ ಸಾಲದು. ಹಾಗೆಯೇ ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನು ಹುಡುಕಿ, ತೆರೆದು, ಓದಿದ ಮೇಲೆ ಮಾತ್ರ ಬಳಸಿ. ಇಲ್ಲದ ಲೇಖನಕ್ಕೆ ನಿಜವಾದ ಲೇಖಕರ ಹೆಸರು ಅಂಟಿಸಿ ಕೊಡುವುದುಂಟು.

ಎಂ.ಎಸ್ಸಿ. ಎರಡನೇ ವರ್ಷದಲ್ಲಿರುವವರು:
ಎಲ್ಲ ಓದಿ ಮುಗಿಸಿ ಬರೆಯುತ್ತೇನೆ ಅಂದರೆ ಬರೆಯೋದೇ ಇಲ್ಲ. ಒಂದೊಂದು ಲೇಖನಕ್ಕೂ ನಾನು ನಾಲ್ಕು ಸಾಲು ಬರೆದಿಡುತ್ತೇನೆ: ಏನು ಕೇಳಿದರು, ಹೇಗೆ ಅಳೆದರು, ಏನು ಸಿಕ್ಕಿತು, ನನ್ನ ಅನುಮಾನ ಏನು. ಪಿಡಿಎಫ್ ಮುಚ್ಚಿ, ನನ್ನ ಮಾತಿನಲ್ಲೇ. ಕೃತಿಚೌರ್ಯದ ಭಯವೂ ಇರಲ್ಲ, ಮುಂದೆ ಅಧ್ಯಾಯ ಬರೆಯುವಾಗ ಆ ನಾಲ್ಕನೇ ಸಾಲುಗಳೇ ಜಾಸ್ತಿ ಕೆಲಸಕ್ಕೆ ಬರುತ್ತವೆ.

ನಿಮ್ಮದು ಜನರಿಂದ ಮಾಹಿತಿ ಪಡೆಯುವ ಕೆಲಸ, ಅಲ್ವಾ? ಜನರ ಮೇಲಿನ ಅಧ್ಯಯನ ಸರಿಯಾದ ರೀತಿಯಲ್ಲಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಅನುಮತಿ ಬೇಕಾ ಅಂತ ಗೈಡ್ ಹತ್ತಿರ ಈ ವಾರವೇ ಕೇಳಿ. ಅನುಮತಿಗೆ ಮುಂಚೆ ಸಂಗ್ರಹಿಸಿದ ಡೇಟಾ ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಹೋಗುವಾಗ ಆ ಒಂದು ವಾಕ್ಯದ ಪ್ರಶ್ನೆಯನ್ನು ಬರೆದುಕೊಂಡು ಹೋಗಿ. ಅದು ಕಣ್ಣಮುಂದೆ ಇದ್ದರೆ ಗೈಡ್‌ಗೂ ತಿದ್ದಲು ಏನಾದರೂ ಸಿಗುತ್ತದೆ.