ಸಿಂಕ್ ಸುತ್ತಲಿನ ಸಿಲಿಕೋನ್ ಕಪ್ಪಾಗೈತಿ, ಅದರ ಮ್ಯಾಲೇ ಹಚ್ಚಬಹುದಾ?

ಪ್ರಶ್ನೆ (ಹುಬ್ಬಳ್ಳಿ): ಅಡಗಿಮನಿ ಕಡಪಾ ಕಟ್ಟಿಗೆ ಸ್ಟೀಲ್ ಸಿಂಕ್ ಐತ್ರಿ, 24×18 ಇಂಚು. ಸುತ್ತಲಿನ ಸಂದಿ ಮುಚ್ಚಿದ ಸಿಲಿಕೋನ್ ಅಂಟು ಕಪ್ಪಾಗಿ ಒಂದು ಕಡೆ ಎದ್ದೈತಿ, ನೀರು ಕೆಳಗ ಇಳೀತೈತಿ. ಹಳೇದರ ಮ್ಯಾಲೇ ಇನ್ನೊಂದು ಗೆರಿ ಎಳದ್ರ ನಡೀತೈತೇನ್ರಿ? ಎಷ್ಟು ಟ್ಯೂಬ್ ಬೇಕು?

ಉತ್ತರ 1: ನಡೆಯಂಗಿಲ್ರಿ. ಹೊಸ ಸಿಲಿಕೋನ್ ಹಳೇದಕ್ಕ ಗಟ್ಟಿ ಹಿಡಿಯಂಗಿಲ್ಲ. ಬ್ಲೇಡಿಲೆ ಎರಡೂ ಅಂಚು ಕೊಯ್ದು ಎಳೀರಿ, ಉಳಿದ ತೆಳು ಪೊರೆನೂ ಕೆರೆದು ಐಸೋಪ್ರೊಪೈಲ್ ಆಲ್ಕೋಹಾಲಿಲೆ ಒರಸ್ರಿ. ಸಂದಿ ರಾತ್ರಿಯೆಲ್ಲಾ ಒಣಗಲಿ. ಎರಡೂ ಬಾಜೂ ಮಾಸ್ಕಿಂಗ್ ಟೇಪ್ ಹಚ್ಚಿ, ಟ್ಯೂಬಿನ ಮೂತಿ (ನಾಝಲ್) 45 ಡಿಗ್ರಿ ಓರೆ ಮಾಡಿ 5 ಮಿ.ಮೀ. ತೂತಿಗೆ ಕತ್ತರಿಸ್ರಿ. ಸಂದಿಗೆ ಗೆರಿ ಎಳದು, ಸೋಪಿನ ನೀರಾಗ ಅದ್ದಿದ ಬೆರಳಿಲೆ ಒಂದೇ ಸಲ ಸವರಿ, ಟೇಪ್ ಆಗಲೇ ಕೀಳ್ರಿ. ತಡಾ ಆದ್ರ ಮ್ಯಾಲೆ ಹಾಲಿನ ಕೆನಿಯಂಗ ಪದರ ಕಟ್ಟಿ ಅಂಚು ಹರೀತೈತಿ. ಸೋಪಿನ ನೀರು ಮೊದಲೇ ಸಂದಿಗೆ ಬಿದ್ರ ಕೆಲಸ ಕೆಟ್ಟಂಗ! 280 ಮಿ.ಲೀ. ಟ್ಯೂಬ್ ಒಂದ ಸಾಕು, ಉಳೀತೈತಿ.

ಉತ್ತರ 2: ಮುಖ್ಯ ಮಾತು ಉಳೀತು. ಕಡಪಾ ಅಂದ್ರ ಸುಣ್ಣದ ಕಲ್ಲು. ವಿನೆಗರ್ ವಾಸನಿ ಬರೋ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡತೈತಿ, ಅದು ಕಲ್ಲಿನ ಮೈ ತಿಂದು ಹಿಡಿತ ಸಡಿಲ ಮಾಡತೈತಿ. ಟ್ಯೂಬ್ ಮ್ಯಾಲೆ ‘ನ್ಯೂಟ್ರಲ್’ ಅಂತ ಇರಬೇಕು. ಶಹಾಬಾದ್ ಕಲ್ಲಿಗೂ ಇದ ಲೆಕ್ಕ. ಗಾಜಿಗೆ, ಟೈಲ್ಸಿಗೆ ಅಗ್ಗದ ಅಸಿಟಿಕ್ ನಡೀತೈತಿ.

ಉತ್ತರ 3: ಕಲ್ಲಿಗೆ ಹತ್ತಿದ ಹಸಿ ಸಿಲಿಕೋನಿಗೆ ಒದ್ದಿ ಅರಬಿ ಹಚ್ಚಬ್ಯಾಡ್ರಿ, ಹರಡತೈತಿ. ಒಣ ಪೇಪರಿಲೆ ಎತ್ತಿ, ಆಮ್ಯಾಲೆ ಸ್ಪಿರಿಟ್. ಒಣಗಿದ್ದಕ್ಕ ಬ್ಲೇಡೇ ಗತಿ. ದಿನಕ್ಕ 2-3 ಮಿ.ಮೀ. ಆಳ ಗಟ್ಟಿಯಾಗತೈತಿ, ಅದೂ ಗಾಳಿಯ ತೇವದಿಂದ. ಗಾಳಿ ಒಣಗಿದ್ರ ಇನ್ನೂ ನಿಧಾನ. ಕಡಿಮಿ ಅಂದ್ರ 24 ತಾಸು ಸಿಂಕ್ ಬಳಸಬ್ಯಾಡ್ರಿ. ನಳದ ನೀರು ಬರೋ ದಿನ ಬಿಟ್ಟು ಕೆಲಸ ಹಿಡೀರಿ.