ಮೆಕ್ಕೆಜೋಳಕ್ಕೆ ಹಾಕಿದ ಯೂರಿಯಾ ಎಲ್ಲಿಗೆ ಹೋಗ್ತಿದೆ? ಅನುಭವ ಹೇಳಿ

ಕೇಳಿದವರು: ಮಳೆ ನಂಬಿದ ಬೆಳೆ, 38 ದಿನ ಆಯ್ತು. ಎರಡು ಸಲ ಸೇರಿ ಎಕರೆಗೆ 90 ಕಿಲೋ ಯೂರಿಯಾ ಹಾಕಿದ್ದೇನೆ. ಆದ್ರೂ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತಿವೆ. ಇನ್ನೊಂದು ಸಲ ಹಾಕಬೇಕಾ?

ಕೆಂಪುಮಣ್ಣು: ಯೂರಿಯಾ ಮೇಲೆ ಮಣ್ಣು ಮುಚ್ಚಿದ್ರಾ, ಸುಮ್ನೆ ಎರಚಿದ್ರಾ? ನಾನು ಎರಚಿಯೇ ಕೆಟ್ಟೆ. ಮೂರು ಎಕರೆ, ಇಬ್ಬರು ಆಳು, ಇಡೀ ಬೆಳಗ್ಗೆ. ಸಂಜೆ ಮಳೆ ಬರುತ್ತೆ ಅಂದ್ಕೊಂಡಿದ್ದೆ. ಬಂದದ್ದು ಬರೀ ತುಂತುರು. ಯೂರಿಯಾ ಹರಳು ಕರಗಿತು, ಮಣ್ಣಿಗೆ ಇಳಿಯಲಿಲ್ಲ. ಆಮೇಲೆ ಒಂಬತ್ತು ದಿನ ಬಿಸಿಲು. ಸಾಲಿನಲ್ಲಿ ಕೂತರೆ ಮೂಗಿಗೆ ಘಾಟು ಬಡಿಯುತ್ತಿತ್ತು. ಅಮೋನಿಯಾ ಆಗಿ ಗಾಳಿಗೆ ಹೋಯ್ತು. ಈಗ ಗಿಡದಿಂದ ನಾಲ್ಕು ಬೆರಳು ದೂರ ಹಾಕಿಸಿ, ಹಿಂದೆಯೇ ಸಾಲುಗಳ ನಡುವೆ ಎಡೆಕುಂಟೆ ಹೊಡೆಸಿ ಮಣ್ಣು ಮುಚ್ಚಿಸುತ್ತೇನೆ.

ಎರೆಹೊಲ: ಮುಚ್ಚಿದರೆ ಸಾಕು ಅಂತ ಎಲ್ಲರಿಗೂ ಹೇಳ್ಬೇಡಿ. ನಾನು ಚೆನ್ನಾಗೇ ಮುಚ್ಚಿದ್ದೆ. ಹದಿನೈದು ದಿನಕ್ಕೆ ಜಡಿಮಳೆ ಹಿಡೀತು, ತಗ್ಗಿನಲ್ಲಿ ಐದು ದಿನ ನೀರು ನಿಂತಿತು. ಬೇರಿಗೆ ಗಾಳಿ ಇಲ್ಲ. ಯೂರಿಯಾ ಅಷ್ಟರಲ್ಲಿ ನೈಟ್ರೇಟ್ ಆಗಿತ್ತು. ಗಾಳಿ ಸಿಗದ ಸೂಕ್ಷ್ಮಜೀವಿಗಳು ಅದನ್ನೇ ಒಡೆದು ಅನಿಲ ಮಾಡಿ ಬಿಟ್ಟವು. ಆ ತಗ್ಗಿನಲ್ಲಿ ತೆನೆ ಅಂಗೈಯಷ್ಟೂ ಆಗಲಿಲ್ಲ. ಬಸಿಗಾಲುವೆ ತೋಡಲು ಹನ್ನೊಂದು ಆಳು ಬೇಕಾಯ್ತು.

ಕೆಂಪುಮಣ್ಣು: ಸಾಕು ಅಂತ ನಾನೆಲ್ಲಿ ಹೇಳಿದೆ? ಸರಿಯಾಗಿ ಓದಿ.

ಮರಳುಸಾಲು: ಇಬ್ಬರೂ ಒಂದೇ ಏಟಿಗೆ ಜಾಸ್ತಿ ಸುರಿದಿದ್ದೀರಿ. ನನ್ನ ಮಣ್ಣಿನಲ್ಲಿ ಒಂದು ದೊಡ್ಡ ಮಳೆ ಬಂದ್ರೆ ಎಲ್ಲಾ ಬೇರಿನಿಂದ ಕೆಳಗೆ. ಅದಕ್ಕೇ ಹನಿ ನೀರಾವರಿಯಲ್ಲಿ ಆರು ಕಂತು ಮಾಡಿದೆ. ಮೊಣಕಾಲೆತ್ತರದಿಂದ ಸೂಲಂಗಿ (ತುದಿಯ ಗಂಡು ಹೂ) ಬರುವವರೆಗೆ ಬೆಳೆಗೆ ಹಸಿವು ಜಾಸ್ತಿ, ಆವಾಗಲೇ ಹೆಚ್ಚು ಪಾಲು.

ಎರೆಹೊಲ: ನಿಮಗೆ ನೀರಿದೆ, ಹೇಳ್ತೀರಿ. ಕೇಳಿದವರದ್ದು ಮಳೆ ಬೆಳೆ. ಆರು ಕಂತಿಗೆ ಆರು ಮಳೆ ಎಲ್ಲಿಂದ ತರ್ತಾರೆ?

ಮರಳುಸಾಲು: ಪೈಪು ಪುಕ್ಕಟೆ ಬಂದಿಲ್ಲ ಸ್ವಾಮಿ. ಎರಡು ಸಲ ಇಲಿ ಕಡಿದು, ಕೂತು ಜೋಡಿಸಿದ್ದೇನೆ.

ಲೆಕ್ಕದಪುಸ್ತಕ: ನಾನು ಪ್ರತಿ ವರ್ಷ ಹೊಲದ ಒಂದು ಪಟ್ಟಿಗೆ ಯೂರಿಯಾ ಹಾಕದೆ ಬಿಡ್ತೇನೆ. ಅದಿಲ್ಲದೆ ಗೊಬ್ಬರ ಕೆಲಸ ಮಾಡಿತಾ ಅಂತ ತಿಳಿಯೋದೇ ಇಲ್ಲ. ಎಕರೆಗೆ 100 ಕಿಲೋ ಯೂರಿಯಾ ಅಂದ್ರೆ 46 ಕಿಲೋ ಸಾರಜನಕ. ಒಳ್ಳೆ ಮಳೆ ವರ್ಷ ಎಕರೆಗೆ 24 ಕ್ವಿಂಟಾಲ್, ಖಾಲಿ ಪಟ್ಟಿಯ ಲೆಕ್ಕದಲ್ಲಿ 13. ಒಂದು ಕಿಲೋ ಸಾರಜನಕಕ್ಕೆ ಹತ್ತಿರ ಹತ್ತಿರ 24 ಕಿಲೋ ಕಾಳು ಹೆಚ್ಚು ಬಂತು. ಬರದ ವರ್ಷ 15 ಮತ್ತು 11. ಒಂದು ಕಿಲೋಗೆ 9 ಕಿಲೋ ಕೂಡ ಇಲ್ಲ. ಅದೇ ಹೊಲ, ಅದೇ ಬೀಜ, ಅಷ್ಟೇ ಯೂರಿಯಾ.

ರವದಿಯವನು: ಕಳೆದ ಬೆಳೆಯ ದಂಟು ಮಣ್ಣಿಗೆ ಸೇರಿಸಿದ್ದೀರಾ? ನಾನು ಬಿತ್ತನೆಗೆ ಹತ್ತು ದಿನ ಮುಂಚೆ ಸೇರಿಸಿ ತಪ್ಪು ಮಾಡಿದೆ. ಕೊಳೆಸುವ ಜೀವಿಗಳೇ ಸಾರಜನಕ ತಿಂದವು, ಬೆಳೆ ಹಳದಿ. ಹಾಗಂತ ಸುಡಲಿಲ್ಲ. ಈಗ ಕೊಯ್ಲಾದ ವಾರದಲ್ಲೇ ಸೇರಿಸುತ್ತೇನೆ.

ಕೇಳಿದವರು: ನಾನು ಮುಚ್ಚಿರಲಿಲ್ಲ. ನಿನ್ನೆ ಮಳೆಯಾಗಿದೆ, ಹದ ಇದೆ. ಇವತ್ತು ಹಾಕಲಾ?

ಕೆಂಪುಮಣ್ಣು: ಹಾಕಿ, ಮುಚ್ಚಿ. ಹೋಲಿಸಿ ನೋಡೋಕೆ ನಾಲ್ಕು ಸಾಲು ಖಾಲಿ ಬಿಡಿ.

ಎರೆಹೊಲ: ಮೊದಲು ತಗ್ಗಿನಲ್ಲಿ ಸಲಿಕೆ ಹಾಕಿ ನೋಡಿ. ಗುಂಡಿಯಲ್ಲಿ ನೀರು ಜಿನುಗಿದರೆ ಅಲ್ಲಿ ಒಂದು ಹಿಡಿಯೂ ಹಾಕ್ಬೇಡಿ.